ಡಿಶ್‌ನಲ್ಲಿ ಚಾನೆಲ್ ನಾಪತ್ತೆಯಾದಾಗ: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪೇಟೆ ದಾಟಿ ಸ್ವಲ್ಪ ಒಳಗೆ ಹೋದರೆ ಕೇಬಲ್ ವೈರು ಮುಗಿಯುತ್ತದೆ. ಅಲ್ಲಿಂದ ಮುಂದೆ ಟಿವಿ ಅಂದರೆ ಡಿಶ್ ಒಂದೇ. ಮೊಬೈಲ್‌ನಲ್ಲಿ ನೋಡೋಣ ಅಂದರೆ ನೆಟ್‌ವರ್ಕ್ ಗುಡ್ಡದ ನೆತ್ತಿಯಲ್ಲಿ ಮಾತ್ರ ಸಿಗುತ್ತದೆ. ಇಂಥ ಮನೆಯಲ್ಲಿ ಒಂದು ಸಂಜೆ ದಿನಾ ನೋಡುವ ಚಾನೆಲ್ ಬರದೇ ಹೋದರೆ ಅದು ಸಣ್ಣ ವಿಷಯ ಅಲ್ಲ. ದಿನವಿಡೀ ತೋಟ, ಕೊಟ್ಟಿಗೆ ಅಂತ ದುಡಿದ ಹಿರಿಯರಿಗೆ ಆ ಅರ್ಧ ಗಂಟೆಯ ಧಾರಾವಾಹಿ ಬಿಟ್ಟರೆ ಬೇರೆ ಮನರಂಜನೆ ಇರುವುದಿಲ್ಲ.

ಆಗ ಜಾಸ್ತಿ ಜನ ಮಾಡುವುದು ಎರಡೇ ಕೆಲಸ. ಡಿಶ್ ಕೂರಿಸಿದ ಹುಡುಗನಿಗೆ ಫೋನ್ ಮಾಡುತ್ತಾರೆ. ಇಲ್ಲವೇ ದುಡ್ಡು ಮುಗಿದಿರಬೇಕು ಅಂದುಕೊಂಡು ಮತ್ತೊಮ್ಮೆ ರೀಚಾರ್ಜ್ ಮಾಡುತ್ತಾರೆ. ಚಾನೆಲ್ ಹೋಗಿದ್ದು ಡಿಶ್ ಕಂಪನಿ ಮತ್ತು ಚಾನೆಲ್ ಕಂಪನಿಯ ನಡುವಿನ ಜಗಳದಿಂದಾದರೆ ಎರಡೂ ಕೆಲಸ ದಂಡ. ಹುಡುಗನ ಓಡಾಟದ ಖರ್ಚೂ ನಿಮ್ಮದೇ, ರೀಚಾರ್ಜ್ ದುಡ್ಡೂ ನಿಮ್ಮದೇ. ಹಾಗಾಗಿ ಒಂದೊಂದೇ ಹೆಜ್ಜೆ ನೋಡಿಕೊಂಡು ಹೋಗೋಣ.

ಮೊದಲನೆಯದು: ಮಳೆಯೋ, ಜಗಳವೋ?

ಡಿಶ್‌ಗೆ ಬರುವ ಸಿಗ್ನಲ್ ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಗಳದ್ದು. ಜೋರು ಮಳೆ ಇದನ್ನು ತಡೆಯುತ್ತದೆ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಆಗುಂಬೆ, ಹೊಸನಗರದ ಕಡೆ ಟಿವಿ ಮತ್ತೆ ಮತ್ತೆ ನಿಲ್ಲುವುದು ಇದರಿಂದಲೇ. ಮಳೆಯಿಂದ ಹೋದರೆ ಎಲ್ಲಾ ಚಾನೆಲ್ ಒಟ್ಟಿಗೆ ಹೋಗುತ್ತವೆ, ಮಳೆ ಹೊಳವಾದ ಮೇಲೆ ತಾವೇ ಬರುತ್ತವೆ.

ಕೆಲವು ಚಾನೆಲ್ ಮಾತ್ರ ಹೋಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಹೋದ ಚಾನೆಲ್‌ಗಳು ಯಾರದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೀ ಕನ್ನಡ, ಜೀ ಪಿಚ್ಚರ್ ಒಂದು ಮನೆಯವು. ಉದಯ ಟಿವಿ, ಉದಯ ಮೂವೀಸ್, ಚಿಂಟು ಸನ್ ಕಂಪನಿಯವು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಮೊದಲು ಬೇರೆ ಬೇರೆ ಕಂಪನಿಯಲ್ಲಿದ್ದವು. 2024ರ ನವೆಂಬರ್‌ನಿಂದ ಎರಡೂ ಜಿಯೋಸ್ಟಾರ್ ಕೈಯಲ್ಲಿವೆ, ಸ್ಟಾರ್ ಸ್ಪೋರ್ಟ್ಸ್ ಕೂಡ ಅದರದ್ದೇ. ಒಂದೇ ಮನೆಯ ಚಾನೆಲ್‌ಗಳಷ್ಟೇ ಹೋಗಿ ಉಳಿದವು ಸರಿಯಾಗಿ ಬರುತ್ತಿದ್ದರೆ ಬಹುತೇಕ ಅದು ಕಂಪನಿಗಳ ಜಗಳ, ಇಲ್ಲವೇ ನಿಮ್ಮ ಪ್ಯಾಕ್ ಬದಲಾಗಿದೆ.

ಬೇರೆ ಬೇರೆ ಕಂಪನಿಯ ಚಾನೆಲ್‌ಗಳು ಒಟ್ಟಿಗೆ ಹೋಗಿದ್ದರೆ ತೊಂದರೆ ನಿಮ್ಮ ಮಾಡಿನ ಮೇಲೇ ಇದೆ. ಉಪಗ್ರಹದಿಂದ ಚಾನೆಲ್‌ಗಳು ಗುಂಪುಗುಂಪಾಗಿ ಬರುತ್ತವೆ. ಒಂದೊಂದು ಗುಂಪಿನಲ್ಲಿ ಹಲವು ಕಂಪನಿಗಳ ಚಾನೆಲ್ ಬೆರೆತಿರುತ್ತವೆ. ಡಿಶ್ ಸ್ವಲ್ಪ ವಾಲಿದರೂ, ಅದರ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಅನ್ನುವ ಡಬ್ಬಿಯೊಳಗೆ ನೀರಿಳಿದರೂ ಒಂದು ಗುಂಪು ಹೋಗಿ ಇನ್ನೊಂದು ಉಳಿಯಬಹುದು. ನಮ್ಮ ಕಡೆ ವೈರು ಸೇರುವ ಜಾಗದಲ್ಲಿ ಹಸಿರು ಕಿಲುಬು ಹಿಡಿಯುವುದು ಮಾಮೂಲಿ. ಸೆಟ್‌ಟಾಪ್ ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಎಷ್ಟಿದೆ ಅಂತ ತೋರಿಸುತ್ತದೆ. ಅಲ್ಲಿ ಗುಣಮಟ್ಟದ ಪಟ್ಟಿ ಕೆಳಗಿಳಿದಿದ್ದರೆ ಆಗ ಹುಡುಗನಿಗೆ ಫೋನ್ ಮಾಡಿ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ ಕೆಲವು ದಿನ, ಬೆಳಗ್ಗೆ ಹತ್ತರಿಂದ ಹನ್ನೆರಡರ ಆಸುಪಾಸಿನಲ್ಲಿ ಕೆಲವೇ ನಿಮಿಷ ಚಿತ್ರ ಕೆಡಬಹುದು. ಸೂರ್ಯ ಉಪಗ್ರಹದ ನೇರ ಹಿಂದೆ ಬರುವುದರಿಂದ ಹಾಗಾಗುತ್ತದೆ. ಅದಕ್ಕೆ ಏನೂ ಮಾಡಬೇಕಿಲ್ಲ.

ಎರಡನೆಯದು: ಪರದೆಯ ಮೇಲಿನ ಅಕ್ಷರ ಓದಿ

ಡಿಶ್ ಕಂಪನಿ ಮತ್ತು ಚಾನೆಲ್ ಕಂಪನಿ ರಾತ್ರೋರಾತ್ರಿ ಸಂಬಂಧ ಕಡಿದುಕೊಳ್ಳುವ ಹಾಗಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಮಾಡಿದ ನಿಯಮದ ಪ್ರಕಾರ ಸಿಗ್ನಲ್ ನಿಲ್ಲಿಸುವ ಮೊದಲು ಎದುರಿನವರಿಗೆ ಮೂರು ವಾರದ ಲಿಖಿತ ನೋಟಿಸ್ ಕೊಡಬೇಕು. ನಿಲ್ಲುವ ದಿನಕ್ಕೆ 15 ದಿನ ಮೊದಲೇ ಆ ಚಾನೆಲ್‌ನ ಕೆಳಗೆ ಓಡುವ ಪಟ್ಟಿಯಲ್ಲಿ ನೋಡುಗರಿಗೆ ತಿಳಿಸಬೇಕು.

ಧಾರಾವಾಹಿ ನೋಡುವಾಗ ಕೆಳಗೆ ಓಡುವ ಆ ಅಕ್ಷರವನ್ನು ಯಾರೂ ಓದುವುದಿಲ್ಲ ಅಲ್ವಾ? ಇನ್ನು ಮೇಲೆ ಓದಿ. ಅದರಲ್ಲಿ ಮುಖ್ಯವಾದದ್ದು ತಾರೀಖು. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ದೂರು ಕೊಡುವಾಗ ಬೇಕಾಗುತ್ತದೆ. ಆ ತಾರೀಖು ಕಂಡ ಮೇಲೆ ಆರು ತಿಂಗಳ, ವರ್ಷದ ರೀಚಾರ್ಜ್ ಮಾಡಬೇಡಿ. ಒಂದು ತಿಂಗಳದ್ದಷ್ಟೇ ಹಾಕಿಸಿ. ಅಡಿಕೆ ದುಡ್ಡು ಕೈಗೆ ಬಂದಾಗ ವರ್ಷದ್ದು ಒಮ್ಮೆಲೇ ಕಟ್ಟಿಬಿಡುವ ರೂಢಿ ನಮ್ಮಲ್ಲಿದೆ. ಜಗಳದ ಸಮಯದಲ್ಲಿ ಆ ರೂಢಿಯೇ ಕೈ ಕಟ್ಟಿಹಾಕುತ್ತದೆ.

ಚಾನೆಲ್ ಪಟ್ಟಿಯಲ್ಲಿ ಪ್ರತಿ ಚಾನೆಲ್‌ನ ಬೆಲೆಯೂ ಇರುತ್ತದೆ. 999ನೇ ನಂಬರಿನಲ್ಲಿ ಗ್ರಾಹಕರ ಮಾಹಿತಿಯ ಚಾನೆಲ್ ಇರುತ್ತದೆ. ರಿಮೋಟ್ ಕೈಯಲ್ಲಿದ್ದಾಗ ಒಮ್ಮೆ ನೋಡಿ.

ಚಾನೆಲ್ಲೇ ಮುಚ್ಚಿಹೋಗಿರುವ ಸಾಧ್ಯತೆಯೂ ಇದೆ. ಎಚ್‌ಬಿಒ 2020ರ ಡಿಸೆಂಬರ್ 15ಕ್ಕೆ ಭಾರತದಲ್ಲಿ ಪೂರ್ತಿ ನಿಂತಿತು. ಯಾವ ಡಿಶ್‌ನಲ್ಲೂ ಬರಲಿಲ್ಲ. ಹೀಗಾದರೆ ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಬೇರೆ ಕಂಪನಿಯ ಡಿಶ್ ಇರುವ ನೆಂಟರಿಗೋ ಪಕ್ಕದ ಮನೆಗೋ ಫೋನ್ ಮಾಡಿ ಕೇಳಿದರೆ ಗೊತ್ತಾಗಿಬಿಡುತ್ತದೆ.

ಮೂರನೆಯದು: ಜಗಳ ಯಾವ ದುಡ್ಡಿಗೆ ಅಂತ ತಿಳಿದುಕೊಳ್ಳಿ

ಇದನ್ನು ತಿಳಿದರೆ ಕಸ್ಟಮರ್ ಕೇರ್‌ನವರ ಮಾತಿಗೆ ಸುಮ್ನೆ ತಲೆ ಆಡಿಸುವುದು ತಪ್ಪುತ್ತದೆ.

2019ರ ಫೆಬ್ರವರಿಯಿಂದ ನಮ್ಮಲ್ಲಿ ಹೊಸ ಪದ್ಧತಿ ಬಂತು. ಚಾನೆಲ್‌ನವರು ತಮ್ಮ ಬೆಲೆಯನ್ನು ತಾವೇ ಹೇಳಬೇಕು. ನೋಡುವವರು ತಮಗೆ ಬೇಕಾದ ಚಾನೆಲ್ ಆರಿಸಿಕೊಂಡು ಅದಕ್ಕಷ್ಟೇ ದುಡ್ಡು ಕೊಡಬೇಕು. ಪ್ಯಾಕ್‌ನಲ್ಲಿ ಸೇರಿಸಬೇಕಾದರೆ ಒಂದು ಚಾನೆಲ್‌ನ ಬೆಲೆ 19 ರೂಪಾಯಿ ಮೀರುವಂತಿಲ್ಲ. ನಡುವೆ ಟ್ರಾಯ್ ಇದನ್ನು 12ಕ್ಕೆ ಇಳಿಸಲು ಹೊರಟಿತು. ಚಾನೆಲ್‌ನವರು ಕೋರ್ಟಿಗೆ ಹೋದರು. 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೇ ಬಂತು.

ಈಗ 19 ರೂಪಾಯಿಯ ಒಂದು ಕನ್ನಡ ಚಾನೆಲ್ ತೆಗೆದುಕೊಳ್ಳಿ. ಅದರಲ್ಲಿ ಕನಿಷ್ಠ ಶೇಕಡಾ 20, ಅಂದರೆ 3 ರೂಪಾಯಿ 80 ಪೈಸೆ, ಮನೆಗೆ ತಲುಪಿಸಿದ್ದಕ್ಕೆ ಡಿಶ್ ಕಂಪನಿಗೆ ಸಿಗಬೇಕು. ಅದರ ಮೇಲೆ ಚಾನೆಲ್‌ನವರು ಶೇಕಡಾ 15ರವರೆಗೆ, ಅಂದರೆ 2 ರೂಪಾಯಿ 85 ಪೈಸೆಯವರೆಗೆ ರಿಯಾಯಿತಿ ಕೊಡಬಹುದು. ಅಷ್ಟೂ ಕೊಟ್ಟರೆ ಚಾನೆಲ್‌ಗೆ ಉಳಿಯುವುದು 12 ರೂಪಾಯಿ 35 ಪೈಸೆ. ಎಳೆದಾಟ ಹುಟ್ಟುವುದು ಇಲ್ಲೇ: ಬೆಲೆ ಏರಿಸಬೇಕೋ ಬೇಡವೋ, ರಿಯಾಯಿತಿ ಎಷ್ಟು, ಯಾರೂ ಕೇಳದ ಚಾನೆಲ್‌ಗಳನ್ನೂ ಜೊತೆಗೆ ಕಟ್ಟಿ ಪ್ಯಾಕ್ ಮಾಡಬೇಕೋ. ಒಂದು ಮನೆಗೆ ಪೈಸೆಯ ಲೆಕ್ಕ. ಲಕ್ಷಾಂತರ ಮನೆಗೆ ಗುಣಿಸಿದರೆ ಕೋಟಿಯ ಲೆಕ್ಕ.

ದುಡ್ಡು ಉಲ್ಟಾ ದಿಕ್ಕಿನಲ್ಲೂ ಹರಿಯುತ್ತದೆ. ಜಾಸ್ತಿ ಜನ ನೋಡದ ಚಾನೆಲ್ ಡಿಶ್‌ನಲ್ಲಿ ಜಾಗ ಬೇಕಾದರೆ ತಾನೇ ಸಾಗಣೆ ಶುಲ್ಕ ಕೊಡಬೇಕು. ನೋಡುವವರು ಹೆಚ್ಚಿದಂತೆ ಆ ಶುಲ್ಕ ಇಳಿಯುತ್ತದೆ. ಜನ ಬಿಟ್ಟಿರಲಾರದ ಚಾನೆಲ್ ಇಟ್ಟುಕೊಂಡವರ ಕೈ ಮೇಲಾಗುವುದು ಇದರಿಂದಲೇ.

ಜಗಳ ಯಾವಾಗ ಬೀದಿಗೆ ಬೀಳುತ್ತದೆ ಅನ್ನುವುದನ್ನೂ ಗಮನಿಸಿ. 2023ರ ಫೆಬ್ರವರಿಯಲ್ಲಿ ಹೊಸ ಬೆಲೆಗೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಜೀ, ಸೋನಿ ಸಿಗ್ನಲ್ ನಿಲ್ಲಿಸಿದವು. ಆಗ ದೆಹಲಿಯಲ್ಲಿ ಭಾರತ, ಆಸ್ಟ್ರೇಲಿಯಾ ಟೆಸ್ಟ್ ನಡೆಯುತ್ತಿತ್ತು. ಡಿಶ್ ಕಂಪನಿಗಳು ಮೊದಲೇ ಒಪ್ಪಿದ್ದರಿಂದ ಡಿಶ್ ಮನೆಗಳಿಗೆ ತೊಂದರೆಯಾಗಲಿಲ್ಲ. ಕೆಲವು ದಿನದಲ್ಲಿ ಕೇಬಲ್‌ನವರೂ ಸಹಿ ಹಾಕಿದರು. ಡಿಶ್‌ನವರಿಗೂ ಇದು ಹೊಸದಲ್ಲ. 2018ರ ಅಕ್ಟೋಬರ್ 1ಕ್ಕೆ ಆಗಿನ ಟಾಟಾ ಸ್ಕೈಯಿಂದ ಸೋನಿ ಮತ್ತು ಇಂಡಿಯಾ ಟುಡೇ ಗುಂಪಿನ 32 ಚಾನೆಲ್ ಹೋಗಿದ್ದವು.

ಅಮೆರಿಕದಲ್ಲಿ ಇದು ಇನ್ನೂ ಜೋರು. ಅಲ್ಲಿಯ ಡೈರೆಕ್‌ಟಿವಿಯಲ್ಲಿ 2024ರ ಸೆಪ್ಟೆಂಬರ್ 1ಕ್ಕೆ ಡಿಸ್ನಿಯ ಚಾನೆಲ್‌ಗಳು ನಿಂತವು. ಫುಟ್‌ಬಾಲ್ ಋತು ಶುರುವಾಗುವ ಹೊತ್ತು ಅದು. ಎರಡು ವಾರದೊಳಗೆ ಒಪ್ಪಂದವಾಯಿತು. ಆದರೆ 2018ರ ನವೆಂಬರ್‌ನಲ್ಲಿ ಡಿಶ್ ನೆಟ್‌ವರ್ಕ್ ಅನ್ನುವ ಅಲ್ಲಿಯ ಕಂಪನಿಯಿಂದ ಹೋದ ಎಚ್‌ಬಿಒ ಮರಳಿದ್ದು 2021ರಲ್ಲಿ. ನಮ್ಮ ಡಿಶ್ ಟಿವಿಗೂ ಆ ಕಂಪನಿಗೂ ಸಂಬಂಧವಿಲ್ಲ.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು: ಕ್ರಿಕೆಟ್, ಕಬಡ್ಡಿ, ದೊಡ್ಡ ರಿಯಾಲಿಟಿ ಶೋ ನಡೆಯುತ್ತಿರುವಾಗ ಚಾನೆಲ್ ಹೋದರೆ ಇಬ್ಬರಿಗೂ ನಷ್ಟ ಜಾಸ್ತಿ, ಬೇಗ ಬಗೆಹರಿಯುವ ಸಾಧ್ಯತೆಯೂ ಜಾಸ್ತಿ. ಆಗ ಎರಡು ವಾರ ಕಾಯಿರಿ. ಏನೂ ವಿಶೇಷ ಇಲ್ಲದ ತಿಂಗಳಲ್ಲಿ ಹೋದರೆ ಎಳೆದಾಡಬಹುದು.

ನಾಲ್ಕನೆಯದು: ಬರದ ಚಾನೆಲ್‌ನ ದುಡ್ಡು ನಿಲ್ಲಿಸಿ

ಬರದ ಚಾನೆಲ್‌ಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಬಿಡಿಯಾಗಿ ಆರಿಸಿದ 19 ರೂಪಾಯಿಯ ಚಾನೆಲ್ ಆದರೆ ಶೇಕಡಾ 18 ಜಿಎಸ್‌ಟಿ ಸೇರಿ ತಿಂಗಳಿಗೆ 22 ರೂಪಾಯಿ 42 ಪೈಸೆ ನಿಮ್ಮ ಖಾತೆಯಲ್ಲಿ ಉಳಿಯಬೇಕು.

ಗೊಂದಲವಾಗುವುದು ಪ್ಯಾಕ್‌ನಲ್ಲಿ. ಚಾನೆಲ್ ಕಂಪನಿಯ ಸ್ವಂತ ಪ್ಯಾಕ್ ಆದರೆ ಇಡೀ ಪ್ಯಾಕೇ ಹೋಗುತ್ತದೆ, ಲೆಕ್ಕ ಸುಲಭ. ಡಿಶ್ ಕಂಪನಿಯವರು ನಾಲ್ಕು ಕಡೆಯ ಚಾನೆಲ್ ಸೇರಿಸಿ ಮಾಡಿದ ಕನ್ನಡ ಪ್ಯಾಕ್ ಆದರೆ ಮೂರು ಚಾನೆಲ್ ಹೋದರೂ ಪ್ಯಾಕ್‌ನ ಹೆಸರು ಹಾಗೇ ಇರುತ್ತದೆ. ಬೆಲೆಯೂ ಹಾಗೇ ಇದೆಯೇ? ಹಿಂದಿನ ತಿಂಗಳ ಎಸ್‌ಎಂಎಸ್ ತೆಗೆದು ಹೋಲಿಸಿ. ಬೆಲೆ ಇಳಿದಿಲ್ಲದಿದ್ದರೆ ಫೋನ್ ಮಾಡಿ ನೇರವಾಗಿ ಕೇಳಿ: "ಇಂಥ ತಾರೀಖಿನಿಂದ ಈ ಚಾನೆಲ್ ಬರುತ್ತಿಲ್ಲ. ಆ ದಿನದಿಂದ ಎಷ್ಟು ಕಡಿಮೆ ಮಾಡಿದ್ದೀರಿ?" ಬದಲಿಗೆ ಬೇರೆ ಚಾನೆಲ್ ಕೊಡುತ್ತೇವೆ ಅಂದರೆ ಯಾವ ಚಾನೆಲ್, ಎಷ್ಟು ದಿನ ಉಚಿತ, ಆಮೇಲೆ ತಾನಾಗಿ ದುಡ್ಡು ಶುರುವಾಗುತ್ತದೆಯೇ ಅಂತ ಕೇಳದೆ ಹೂಂ ಅನ್ನಬೇಡಿ. ನೀವು ಒಪ್ಪದೆ ದುಡ್ಡಿನ ಚಾನೆಲ್ ಸೇರಿಸುವ ಅಧಿಕಾರ ಅವರಿಗಿಲ್ಲ.

ಆದರೆ ಎನ್‌ಸಿಎಫ್ ಅನ್ನುವ ಮೂಲ ಶುಲ್ಕ ನಿಲ್ಲುವುದಿಲ್ಲ. ಅದು ಸಂಪರ್ಕದ ದುಡ್ಡು. 2019ರಲ್ಲಿ ಇದಕ್ಕೆ 130 ರೂಪಾಯಿಯ ಮಿತಿ ಹಾಕಿದ್ದರು. 2024ರ ಜುಲೈನಲ್ಲಿ ಆ ಮಿತಿ ತೆಗೆದು ಕಂಪನಿಗಳಿಗೇ ಬಿಟ್ಟರು. ನಿಮ್ಮ ಬಿಲ್‌ನಲ್ಲಿ ಅದು ಎಷ್ಟಿದೆ ಅಂತ ಇದೇ ನೆಪದಲ್ಲಿ ನೋಡಿಕೊಳ್ಳಿ.

ಐದನೆಯದು: ದೂರು ಕೊಡುವ ದಾರಿ

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದಿದ್ದರೆ ನೀವು ಫೋನ್ ಮಾಡಿದ್ದಕ್ಕೆ ಲೆಕ್ಕವೇ ಇಲ್ಲ. ಅಲ್ಲಿ ಬಗೆಹರಿಯದಿದ್ದರೆ ರಾಜ್ಯದ ನೋಡಲ್ ಅಧಿಕಾರಿಗೆ ಬರೆಯಿರಿ. ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ಇರಬೇಕು. ಅದರ ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಟ್ರಾಯ್‌ಗೆ ಬರೆದು ಕಾಯಬೇಡಿ. ಅದು ಒಬ್ಬೊಬ್ಬರ ದೂರು ಬಗೆಹರಿಸುವ ಸಂಸ್ಥೆ ಅಲ್ಲ. ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿ ಕಂಪನಿ ಕಂಪನಿಗಳ ವ್ಯಾಜ್ಯ ನೋಡುತ್ತದೆ. ನಮ್ಮ ಒಬ್ಬರ ದೂರಿಗೆ ಇರುವುದು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯವಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, 22 ರೂಪಾಯಿಗೆ ಆಯೋಗದವರೆಗೆ ಹೋಗುವ ಅಗತ್ಯ ಬರಲಾರದು, 1915ರಲ್ಲೇ ಮುಗಿಯಬೇಕು. ವರ್ಷದ ಪ್ಯಾಕ್ ಮಾರಿ ಮರುವಾರವೇ ಚಾನೆಲ್ ತೆಗೆದು ದುಡ್ಡು ಕೊಡುವುದಿಲ್ಲ ಅಂದರೆ ಮಾತ್ರ ಖಂಡಿತ ಹೋಗಿ.

ಆರನೆಯದು: ಅಲ್ಲಿಯವರೆಗೆ ನೋಡುವುದು ಹೇಗೆ?

ಜೀ ಕನ್ನಡದ ಧಾರಾವಾಹಿಗಳು ಜೀ5 ಆಪ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತವೆ. ಡಿಶ್ ಕಂಪನಿಯ ಜಗಳ ಈ ಆಪ್‌ಗಳಿಗೆ ತಾಗುವುದಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರು ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳಿ. ಸೊಸೈಟಿಗೋ ಆಸ್ಪತ್ರೆಗೋ ಹೋದವರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಕಡಿಮೆ ಗುಣಮಟ್ಟದಲ್ಲಿ ಒಂದು ವಾರದ ಕಂತು ಇಳಿಸಿಕೊಂಡರೆ ಮನೆಯ ಹಿರಿಯರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕ್ರಿಕೆಟ್‌ಗೆ ಬೇರೆ ದಾರಿ ಇದೆ. ಭಾರತ ಆಡುವ ಏಕದಿನ, ಟಿ20 ಪಂದ್ಯಗಳನ್ನು ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕು ಅನ್ನುವುದು 2007ರ ಕಾನೂನು. ಆದರೆ ಆ ಪ್ರಸಾರ ಖಾಸಗಿ ಡಿಶ್‌ನ ಡಿಡಿ ಚಾನೆಲ್‌ನಲ್ಲಿ ಬರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ಅದು ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಕಾಣುತ್ತದೆ. ಫ್ರೀ ಡಿಶ್‌ಗೆ ತಿಂಗಳ ದುಡ್ಡಿಲ್ಲ, ಬಾಕ್ಸ್ ಮತ್ತು ಡಿಶ್ ಒಮ್ಮೆ ಕೊಂಡರಾಯಿತು. ಚಂದನವೂ ಅದರಲ್ಲಿದೆ. ಐಪಿಎಲ್ ಆ ಕಾನೂನಿನ ಪಟ್ಟಿಯಲ್ಲಿ ಇಲ್ಲ, ಅದನ್ನು ನಂಬಿಕೊಂಡು ಫ್ರೀ ಡಿಶ್ ತರಬೇಡಿ.

ಏಳನೆಯದು: ಕಂಪನಿ ಬದಲಿಸುವ ಮೊದಲು ಆಕಾಶ ನೋಡಿ

ತಿಂಗಳು ಕಳೆದರೂ ಚಾನೆಲ್ ಬರದಿದ್ದರೆ ಬದಲಿಸುವ ಯೋಚನೆ ಸರಿ. ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆ ಡಿಶ್ ಪೋರ್ಟ್ ಮಾಡಲು ಬರುವುದಿಲ್ಲ. ಬಾಕ್ಸ್ ಆ ಕಂಪನಿಗೇ ಕಟ್ಟುಬಿದ್ದದ್ದು, ಹೊಸದು ಕೊಳ್ಳಬೇಕು. ಇದು ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ, ಅದನ್ನು ಮಾರುವವರು ಹೇಳುವುದಿಲ್ಲ. ಒಂದೊಂದು ಕಂಪನಿಯ ಉಪಗ್ರಹ ಆಕಾಶದ ಒಂದೊಂದು ಜಾಗದಲ್ಲಿದೆ.

ಟಾಟಾ ಪ್ಲೇ ಬರುವುದು 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹದಿಂದ. ಶಿವಮೊಗ್ಗದಿಂದ ನೋಡಿದರೆ ಅದು ದಕ್ಷಿಣಕ್ಕೆ ಹತ್ತಿರ, ಬಹಳ ಎತ್ತರದಲ್ಲಿ, ನೆಲದಿಂದ ಸುಮಾರು 70 ಡಿಗ್ರಿ ಮೇಲೆ ಇರುತ್ತದೆ. ಡಿ2ಎಚ್ 88, ಸನ್ ಡೈರೆಕ್ಟ್ ಮತ್ತು ಫ್ರೀ ಡಿಶ್ 93.5, ಡಿಶ್ ಟಿವಿ 95. ಇವು ಆಗ್ನೇಯದ ಕಡೆ. ಏರ್‌ಟೆಲ್ 108.2ರಲ್ಲಿದೆ. ಅದು ಪೂರ್ವಕ್ಕೆ ಜರುಗಿ, ಸುಮಾರು 50 ಡಿಗ್ರಿಗೆ ಇಳಿದಿರುತ್ತದೆ. ಮನೆಯ ಪೂರ್ವಕ್ಕೆ ಗುಡ್ಡವೋ, ಬೆಳೆದ ಅಡಿಕೆ ಮರಗಳೋ ಇದ್ದರೆ ನೆತ್ತಿಯ ಹತ್ತಿರದ ಉಪಗ್ರಹ ಸಿಗಬಹುದು, ಇಳಿದಿರುವುದು ಸಿಗದೇ ಇರಬಹುದು. ಸಾಗರದ ಪೇಟೆಯಲ್ಲಿ ಚೆನ್ನಾಗಿ ಬರುವ ಕಂಪನಿ ಕಣಿವೆಯ ತೋಟದ ಮನೆಯಲ್ಲಿ ಬರದಿರುವುದು ಹೀಗೆ.

ಇದನ್ನು ನೀವೇ ನೋಡಿಕೊಳ್ಳಬಹುದು. ಮಾರ್ಚ್ ಮಧ್ಯ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಈ ಉಪಗ್ರಹಗಳ ದಾರಿಯಲ್ಲೇ ಸಾಗುತ್ತಾನೆ. ಆ ದಿನಗಳಲ್ಲಿ ಡಿಶ್ ಇಡಬೇಕೆಂದಿರುವ ಜಾಗಕ್ಕೆ ಬೆಳಗ್ಗೆ ಹತ್ತರ ಸುಮಾರಿಗೆ ಬಿಸಿಲು ನೇರ ಬಿದ್ದರೆ ಏರ್‌ಟೆಲ್‌ಗೆ ದಾರಿ ತೆರವಿದೆ. ಹನ್ನೊಂದರ ಸುಮಾರಿಗೆ ಬಿದ್ದರೆ ಸನ್ ಡೈರೆಕ್ಟ್, ಫ್ರೀ ಡಿಶ್, ಡಿಶ್ ಟಿವಿಗೆ. ಹನ್ನೆರಡರ ಸುಮಾರಿಗೆ ಬಿದ್ದರೆ ಟಾಟಾ ಪ್ಲೇಗೆ. ಅಡಿಕೆ ಸೋಗೆಯ ನೆರಳು ಬಿದ್ದರೂ ಸಾಕು, ಆ ಜಾಗ ಬೇಡ. ಒದ್ದೆ ಸೋಗೆ ಮಳೆಗಾಲದಲ್ಲಿ ಸಿಗ್ನಲ್ ಪೂರ್ತಿ ನುಂಗುತ್ತದೆ. ಬೇರೆ ತಿಂಗಳಾದರೆ ದುಡ್ಡು ಕೊಡುವ ಮೊದಲೇ ಹುಡುಗನನ್ನು ಕರೆಸಿ ಮೀಟರ್ ಹಿಡಿದು ತೋರಿಸಲು ಹೇಳಿ. ಸಿಗ್ನಲ್ ಸಿಕ್ಕಿದರೆ ಮಾತ್ರ ಕೊಳ್ಳುತ್ತೇನೆ ಅನ್ನುವ ಮಾತು ಮೊದಲೇ ಆಗಿರಲಿ.

ಹಳೆಯ ಖಾತೆಯಲ್ಲಿ ಉಳಿದ ದುಡ್ಡು ಮುಗಿಯುವವರೆಗೆ ಹಳೆಯ ಬಾಕ್ಸ್ ಇಟ್ಟುಕೊಳ್ಳಿ.

ಚಾನೆಲ್ ಮರಳಿ ಬಂದ ಮೇಲೆ

ಒಪ್ಪಂದವಾಯಿತು ಅಂತ ಸುದ್ದಿ ಬಂದರೂ ನಿಮ್ಮ ಮನೆಯಲ್ಲಿ ಬರದಿರಬಹುದು. ಬಾಕ್ಸನ್ನು ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಆಗಲೂ ಬರದಿದ್ದರೆ ಕಂಪನಿಯ ಆಪ್‌ನಿಂದ ಅಥವಾ ಫೋನ್‌ನಿಂದ ರಿಫ್ರೆಶ್ ಕಳಿಸಲು ಹೇಳಿ. ಬಂದ ಮೇಲೆ ಮೊದಲು ಬೆಲೆ ನೋಡಿ. ಒಪ್ಪಂದದ ಜೊತೆ ಬೆಲೆ ಏರಿರುವುದು, ಹಳೆಯ ಪ್ಯಾಕ್ ಹೋಗಿ ಅದೇ ಹೆಸರಿನ ದುಬಾರಿ ಪ್ಯಾಕ್ ಬಂದಿರುವುದು ಉಂಟು. ನಡುವೆ ಬದಲಿಗೆ ಕೊಟ್ಟಿದ್ದ ಚಾನೆಲ್ ಇನ್ನೂ ನಿಮ್ಮ ಪಟ್ಟಿಯಲ್ಲಿ ಇದ್ದು ಅದಕ್ಕೂ ದುಡ್ಡು ಹೋಗುತ್ತಿದ್ದರೆ ಅವತ್ತೇ ತೆಗೆಸಿ, ತೆಗೆದದ್ದಕ್ಕೆ ಬಂದ ಎಸ್‌ಎಂಎಸ್ ಅಳಿಸದೆ ಇಟ್ಟುಕೊಳ್ಳಿ.